ಪಡುವಣ ಗೋಡೆ

ಗಿಲಾವು ಕಾಣದ ಗೋಡೆಯನ್ನು ನೋಡುತ್ತ ನಿಲ್ಲುವುದು ನನಗೆ ಬಹಳ ಇಷ್ಟದ ಕೆಲಸ. ಕೆಲಸ ಅರ್ಧಕ್ಕೆ ನಿಂತ ಮನೆ, ಗಾರೆ ಉದುರಿದ ಹಳೆಯ ಕೊಟ್ಟಿಗೆ, ರಸ್ತೆ ಅಗಲಿಸಲೆಂದು ಮುಂಭಾಗ ಕೆಡವಿದ ಅಂಗಡಿ, ಇವು ದಾರಿಯಲ್ಲಿ ಸಿಕ್ಕರೆ ಎರಡು ನಿಮಿಷ ನಿಂತೇ ಮುಂದೆ ಹೋಗುವವನು ನಾನು. ಬಣ್ಣ ಬಿದ್ದ ಮೇಲೆ ಊರಿನ ಗೋಡೆಗಳೆಲ್ಲ ಒಂದೇ. ಅದಕ್ಕೆ ಮೊದಲು ಮಾತ್ರ ಅದು ಯಾವ ನೆಲದ ಮಣ್ಣು, ಮೂಲೆ ಕಟ್ಟಿದ ಕೈ ಪಳಗಿದ್ದೋ ಇಲ್ಲವೋ, ಮನೆಯವರು ಎಲ್ಲಿ ಕೈಬಿಚ್ಚಿದರು, ಎಲ್ಲಿ ಹಿಡಿದರು ಎನ್ನುವುದೆಲ್ಲ ಕಣ್ಣಿಗೆ ಬೀಳುತ್ತದೆ.

ಒಂದು ಕಾಲಕ್ಕೆ ಬಸ್ಸಿನ ಕಿಟಕಿಯ ಪಕ್ಕ ಕೂತು ಗೋಡೆ ನೋಡಿಯೇ ಜಿಲ್ಲೆಯ ಹೆಸರು ಹೇಳಬಹುದಿತ್ತು. ಕುಮಟಾದಿಂದ ಬಂಟ್ವಾಳದವರೆಗೆ ಕೆಂಪುಕಲ್ಲು. ಘಟ್ಟ ಹತ್ತಿದರೆ ದಪ್ಪ ಮಣ್ಣಿನ ಗೋಡೆ, ಮಳೆಗಾಲದಲ್ಲಿ ಅದರ ಮುಂದೆ ಅಡಿಕೆ ಸೋಗೆಯ ತಟ್ಟಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೆಟ್ಟಗೆ ನಿಲ್ಲಿಸಿದ ಕಲ್ಲುಚಪ್ಪಡಿ. ಬಾದಾಮಿಯಲ್ಲಿ ಮರಳುಗಲ್ಲು. ಸೇಡಂ, ಚಿತ್ತಾಪುರದಲ್ಲಿ ಪದರ ಪದರವಾಗಿ ಪೇರಿಸಿದ ಶಹಾಬಾದ್ ಕಲ್ಲು. ಮೈಸೂರು, ಮಂಡ್ಯದಲ್ಲಿ ಇಟ್ಟಿಗೆ. ಈಗ ಕಾರವಾರದಿಂದ ಬೀದರಿನವರೆಗೆ ಅದೇ ಬೂದುಬಣ್ಣದ ಸಾಲಿಡ್ ಬ್ಲಾಕು, ಅದೇ ಆರು ಇಂಚು, ಅದೇ ಸಿಮೆಂಟಿನ ಗಿಲಾವು. ಉಡುಪಿಯಲ್ಲಿ ವರ್ಷಕ್ಕೆ 4 ಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ಹಗಲು 42 ಡಿಗ್ರಿ ದಾಟುವುದು ಹೊಸ ಸುದ್ದಿಯೇ ಅಲ್ಲ. ಎರಡೂ ಊರಿಗೆ ಒಂದೇ ಗೋಡೆ ಸಾಕು ಎಂದು ನಾವು ಯಾವಾಗ ತೀರ್ಮಾನಿಸಿಬಿಟ್ಟೆವು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಕೆಂಪುಕಲ್ಲಿನ ಬಗ್ಗೆ ಸ್ವಲ್ಪ ಹೊತ್ತು ಹೇಳಲೇಬೇಕು. ಅಘನಾಶಿನಿಯ ದಂಡೆಯ ಮೇಲಿರುವ ಮಿರ್ಜಾನ್ ಕೋಟೆಗೆ ಮಳೆಗಾಲದಲ್ಲಿ ಹೋಗಿ ನೋಡಿ. ಇಡೀ ಕೋಟೆ ಈ ಕಲ್ಲಿನದೇ. ಮೇಲೆಲ್ಲ ಪಾಚಿ ಹಸಿರಾಗಿ ಹಬ್ಬಿರುತ್ತದೆ, ಸಂದಿಗಳಲ್ಲಿ ಜರಿಗಿಡ ಚಿಗುರಿರುತ್ತದೆ. ಶತಮಾನಗಳ ಮಳೆ ಕುಡಿದ ಆ ಗೋಡೆ ಗಿಲಾವಿನ ಹಂಗಿಲ್ಲದೆ ನಿಂತಿದೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂ ಬಳಿ ಈ ಕಲ್ಲನ್ನು ಗಮನವಿಟ್ಟು ನೋಡಿದ. ನೆಲದಲ್ಲಿರುವಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಬಗ್ಗುವಷ್ಟು ಮೆದು, ಕಡಿದು ಗಾಳಿಗಿಟ್ಟರೆ ಗಟ್ಟಿ ಎಂದು ಬರೆದು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟ. ಕರಾವಳಿಯ ಕಲ್ಲುಕಟ್ಟುವವರಿಗೆ ಇದು ಬುಕಾನನ್ ಬರುವ ಎಷ್ಟೋ ಮೊದಲೇ ಗೊತ್ತಿತ್ತು. ಕಡಿದ ಕಲ್ಲನ್ನು ಕೆಲಕಾಲ ಗಾಳಿಗೆ ಬಿಟ್ಟು, ಮೈ ಗಡುಸಾದ ಮೇಲೆ ಕಟ್ಟುತ್ತಿದ್ದರು. ಸಂದಿಗೆ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ. ಗೋಡೆಗೆ ಮಳೆ ನೇರ ಬಡಿಯದಂತೆ ಮುಂದಕ್ಕೆ ಚಾಚಿದ ಹೆಂಚಿನ ಮಾಡು. ಕಲ್ಲು, ಸುಣ್ಣ, ಮಾಡು ಮೂರೂ ಸೇರಿದರೆ ಒಂದು ಗೋಡೆ. ಯಾವುದಾದರೂ ಒಂದನ್ನು ತೆಗೆದರೆ ಉಳಿದೆರಡು ಸೋಲುತ್ತವೆ. ಕೆಂಪುಕಲ್ಲು ತೂತುತೂತಾದ ಕಲ್ಲು, ನೀರು ಕುಡಿಯುತ್ತದೆ. ಕುಡಿದದ್ದನ್ನು ಬಿಸಿಲು ಬಂದಾಗ ಹಾಗೇ ಉಸಿರಾಡಿ ಹೊರಹಾಕುತ್ತದೆ. ಮಾಡನ್ನು ಕತ್ತರಿಸಿ ತಾರಸಿ ಹಾಕಿ, ಹೊರಮೈಗೆ ಗಟ್ಟಿ ಸಿಮೆಂಟ್ ಬಳಿದು, ಅದರ ಮೇಲೆ ನೀರು ದಾಟದ ಬಣ್ಣ ಹೊಡೆದರೆ, ಎಲ್ಲೋ ಒಂದು ಕೂದಲೆಳೆಯ ಬಿರುಕಿನಲ್ಲಿ ಒಳಹೊಕ್ಕ ನೀರು ಹೊರಬರುವ ದಾರಿ ಕಾಣದೆ ಒಳಗಿನ ಕೋಣೆಯ ಕಡೆ ಮುಖ ಮಾಡುತ್ತದೆ. ಕರಾವಳಿಯ ಎಷ್ಟೋ ಹೊಸ ಮನೆಗಳಲ್ಲಿ ಆಷಾಢದ ಹೊತ್ತಿಗೆ ಒಳಗೋಡೆಯ ಬಣ್ಣ ಗುಳ್ಳೆ ಏಳುವುದು ಕಲ್ಲಿನ ದೋಷದಿಂದಲ್ಲ.

ಈ ಗೋಡೆಯ ಹುಚ್ಚು ಮನೆಯವರಿಗೆಲ್ಲ ಗೊತ್ತಿದ್ದರಿಂದಲೇ ಇರಬೇಕು, ತುಮಕೂರಿನಲ್ಲಿ ಮನೆ ಕಟ್ಟಿಸಲು ಹೊರಟ ಅಕ್ಕನ ಮಗಳು ನನಗೆ ಫೋನು ಮಾಡಿದಳು. “ಮಾವ, ಟೈಲ್ಸು, ಅಡುಗೆಮನೆ ಎಲ್ಲಾ ನಾವೇ ನೋಡ್ಕೊಂಡಿದೀವಿ. ಹೊರಗೋಡೆಗೆ ಏನು ಹಾಕೋದು ಅಂತ ಮೇಸ್ತ್ರಿ ಕೇಳ್ತಾ ಇದಾರೆ. ಸಾಲಿಡ್ ಬ್ಲಾಕೇ ಹಾಕ್ಬಿಡೋಣ್ವಾ?”

“ಬೇಡ ಅನ್ನಲ್ಲ ಕಣಮ್ಮಾ. ನಿನ್ನ ಸೈಟಿನ ಪಡುವಣ ದಿಕ್ಕಿಗೆ ಏನಿದೆ ಹೇಳು ಮೊದಲು” ಎಂದೆ.

ಏನೂ ಇರಲಿಲ್ಲ. ಮೂವತ್ತು-ನಲವತ್ತರ ನಿವೇಶನ, ಪಡುವಣಕ್ಕೆ ಖಾಲಿ ಬಯಲು, ಒಂದು ಮರವೂ ಇಲ್ಲ. ಆ ಪಕ್ಕಕ್ಕೇ ನಕ್ಷೆಯಲ್ಲಿ ಮಲಗುವ ಕೋಣೆ ಬಂದಿತ್ತು.

ಗೋಡೆಯ ವಸ್ತುವನ್ನು ಅಂಗಡಿಯಲ್ಲಿ ಆರಿಸುವುದಕ್ಕಿಂತ ಮೊದಲು ಸೂರ್ಯನನ್ನು ಕೇಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ತುಮಕೂರು, ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಬಿಸಿಲಿನ ಹೊಡೆತವೆಲ್ಲ ತಾರಸಿಗೆ. ತೆಂಕಣ, ಬಡಗಣ ಗೋಡೆಗಳಿಗೆ ಒಂದು ಸಣ್ಣ ಸಜ್ಜಾ ಸಾಕು. ಮೂಡಣ ಗೋಡೆಗೂ ಪಡುವಣ ಗೋಡೆಗೂ ಬೀಳುವ ಬಿಸಿಲು ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ಆದರೆ ಬೆಳಗಿನ ಬಿಸಿಲು ಬೀಳುವಾಗ ಗಾಳಿ ತಂಪಾಗಿರುತ್ತದೆ, ಸಂಜೆಯ ಬಿಸಿಲು ಬೀಳುವಾಗ ಇಡೀ ಊರು ಕಾದಿರುತ್ತದೆ. ಸಂಜೆಯ ಸೂರ್ಯ ಕೆಳಗಿಳಿದು ಓರೆಯಾಗಿ ಬರುವುದರಿಂದ ಸಜ್ಜಾ ಅವನನ್ನು ತಡೆಯಲಾರದು. ಬೇಸಿಗೆಯ ಮನೆಯೊಳಗಿನ ಸಂಕಟಕ್ಕೆ ತಾರಸಿಯ ನಂತರದ ದೊಡ್ಡ ಕಾರಣ ಆ ಒಂದು ಗೋಡೆ.

ಗೋಡೆ ಶಾಖವನ್ನು ಎರಡು ಬಗೆಯಲ್ಲಿ ಎದುರಿಸುತ್ತದೆ. ಒಂದು, ದಾಟಲು ಬಿಡದಿರುವುದು. ಇನ್ನೊಂದು, ತನ್ನೊಳಗೇ ಹಿಡಿದಿಟ್ಟುಕೊಂಡು ತಡವಾಗಿ ದಾಟಿಸುವುದು. ಎರಡನೆಯದು ದಪ್ಪ ಗೋಡೆಯ, ಭಾರದ ಗೋಡೆಯ ಗುಣ. ಒಲೆ ಆರಿಸಿದ ಮೇಲೂ ಕಲ್ಲಿನ ಕಾವಲಿ ಇನ್ನೊಂದು ದೋಸೆ ಬೇಯಿಸುವಷ್ಟು ಬಿಸಿ ಹಿಡಿದಿರುತ್ತದಲ್ಲ, ಹಾಗೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈಗೆ ಮುಟ್ಟಲು ಸುಮಾರು ಆರೇಳು ಗಂಟೆ ಬೇಕು. ಉತ್ತರ ಕರ್ನಾಟಕದ ಹಳೆಯ ಮನೆಗಳ ಎರಡಡಿ ಮೂರಡಿ ದಪ್ಪದ ಮಣ್ಣಿನ ಗೋಡೆಗಳಲ್ಲಿ ಹಗಲಿನ ಕಾವು ಒಳಗೆ ಬಂದು ಮುಟ್ಟುವಷ್ಟರಲ್ಲಿ ರಾತ್ರಿ ಕಳೆದು, ಕಾವೇ ಸವೆದಿರುತ್ತದೆ. ವಿಜಯಪುರದ ಕಡೆ ಅಂಥ ಮನೆಯ ಪಡಸಾಲೆಗೆ ಮೇ ತಿಂಗಳ ಮಧ್ಯಾಹ್ನ ಕಾಲಿಟ್ಟವರಿಗೆ ನಾನು ಹೇಳುವುದು ಏನೆಂದು ಅರ್ಥವಾಗುತ್ತದೆ. ಆದರೆ ಒಂಬತ್ತು ಇಂಚಿನ ಪಡುವಣ ಗೋಡೆಯ ಲೆಕ್ಕ ಹಾಕಿ: ಸಂಜೆ ನಾಲ್ಕಕ್ಕೆ ಕುಡಿದ ಬಿಸಿಲನ್ನು ಅದು ರಾತ್ರಿ ಹತ್ತು-ಹನ್ನೊಂದಕ್ಕೆ ಒಳಗೆ ಬಿಡುತ್ತದೆ, ಸರಿಯಾಗಿ ನಾವು ದಿಂಬಿಗೆ ತಲೆ ಕೊಡುವ ಹೊತ್ತಿಗೆ. ಅರೆಬರೆ ದಪ್ಪದ ಭಾರದ ಗೋಡೆ ಪಡುವಣಕ್ಕಿದ್ದು, ಅದರ ಹಿಂದೆ ಮಲಗುವ ಕೋಣೆಯಿದ್ದರೆ ಅದು ನಿದ್ದೆಗೆ ಹಗೆ.

ಹಾಗಾದರೆ ಪಡುವಣಕ್ಕೆ ದಾಟಲು ಬಿಡದ ಗೋಡೆ ಬೇಕು. ಇಲ್ಲಿ ಕೆಲವು ಅಂಕಿಗಳನ್ನು ಹೇಳುತ್ತೇನೆ, ಕೊಳ್ಳುವವರಿಗೆ ಉಪಯೋಗವಾಗುತ್ತದೆ. ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರ್ ಗೋಡೆ ಎಷ್ಟು ವ್ಯಾಟ್ ಶಾಖ ದಾಟಿಸುತ್ತದೆ ಎಂಬುದು ಅಳತೆ. ಎರಡೂ ಕಡೆ ಗಿಲಾವು ಮಾಡಿದ ಆರಿಂಚಿನ ಸಾಲಿಡ್ ಬ್ಲಾಕಿನ ಗೋಡೆ ಸುಮಾರು 3. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 2. ಎಂಟು ಇಂಚಿನ ಎಎಸಿ ಬ್ಲಾಕಿನ ಗೋಡೆ 0.8ರ ಆಸುಪಾಸು. ಸಾಲಿಡ್ ಬ್ಲಾಕ್ ದಾಟಿಸುವುದರ ನಾಲ್ಕನೇ ಒಂದು ಪಾಲು!

ಎಎಸಿ ಎಂದರೆ ನಮ್ಮ ಮೇಸ್ತ್ರಿಗಳು ಹಗುರ ಬ್ಲಾಕ್, ಬಿಳಿ ಬ್ಲಾಕ್ ಎಂದು ಕರೆಯುವ ವಸ್ತು. ಅದು ಹುಟ್ಟಿದ್ದು 1920ರ ದಶಕದ ಸ್ವೀಡನ್ನಿನಲ್ಲಿ, ಯೋಹಾನ್ ಆಕ್ಸೆಲ್ ಎರಿಕ್ಸನ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ. ಅಲ್ಲಿಯವರಿಗೆ ಮರದಷ್ಟು ಬೆಚ್ಚಗಿರುವ, ಆದರೆ ಮರದಂತೆ ಸುಡದ, ಕೊಳೆಯದ ವಸ್ತು ಬೇಕಿತ್ತು. ಹಾರುಬೂದಿ ಅಥವಾ ನುಣ್ಣನೆಯ ಮರಳಿಗೆ ಸುಣ್ಣ, ಸಿಮೆಂಟ್, ಜಿಪ್ಸಮ್ ಕಲಸಿ, ಚಿಟಿಕೆಯಷ್ಟು ಅಲ್ಯುಮಿನಿಯಂ ಪುಡಿ ಹಾಕುತ್ತಾರೆ. ಪುಡಿ ಸುಣ್ಣದೊಂದಿಗೆ ಬೆರೆತು ಜಲಜನಕದ ಗುಳ್ಳೆ ಏಳಿಸುತ್ತದೆ, ಮಿಶ್ರಣ ಉಬ್ಬುತ್ತದೆ. ಅದನ್ನು ತಂತಿಯಲ್ಲಿ ಕೊಯ್ದು, ಸುಮಾರು 180–190 ಡಿಗ್ರಿಯ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಮೈತುಂಬ ಗಾಳಿ. 16-8-6ರ ಒಂದು ಸಾಲಿಡ್ ಬ್ಲಾಕ್ ಸುಮಾರು 25 ಕಿಲೋ ತೂಗಿದರೆ, ಅದಕ್ಕಿಂತ ಅರ್ಧದಷ್ಟು ಉದ್ದವೂ ಹೆಚ್ಚಿರುವ ಎಎಸಿ ಬ್ಲಾಕ್ ಅದರ ಅರ್ಧ ತೂಕ ತೂಗುತ್ತದೆ. ಎರಡನೇ ಮಹಡಿಗೆ ತಲೆಹೊರೆಯಲ್ಲಿ ಬ್ಲಾಕ್ ಸಾಗಿಸುವ ಹೆಣ್ಣುಮಕ್ಕಳ ಕತ್ತನ್ನು ನೆನೆದರೆ ಇದೊಂದೇ ಕಾರಣಕ್ಕೆ ನಾನು ಹಗುರ ಬ್ಲಾಕಿನ ಪರ.

ಅದಕ್ಕೆ ಅದರದೇ ಕಷ್ಟಗಳಿವೆ. ನೀರು ಕುಡಿಯುವುದರಲ್ಲಿ ಅದು ಕೆಂಪುಕಲ್ಲನ್ನು ಮೀರಿಸುತ್ತದೆ. ಸಾಲಿಡ್ ಬ್ಲಾಕಿನಂತೆ ಪೈಪು ಹಿಡಿದು ತೋಯಿಸಿ ಕಟ್ಟಿದರೆ ಆಮೇಲೆ ಒಣಗುತ್ತ ಕುಗ್ಗಿ ಬಿರುಕು ಬಿಡುತ್ತದೆ. ಕಂಬ-ತೊಲೆ ಸೇರುವ ಕಡೆ ಜಾಲರಿ ಹೊಡೆಯದಿದ್ದರೆ ಗಿಲಾವಿನ ಮೇಲೆ ಗೆರೆ ಮೂಡುವುದು ಖಂಡಿತ. ಭಾರದ ಕಪಾಟು ನೇತುಹಾಕಬೇಕೆಂದರೆ ಅದಕ್ಕೆಂದೇ ಮಾಡಿದ ಮೊಳೆ ಬೇಕು. ಮೈಮೇಲಿನ ಬಿಳಿ ಹುಡಿಯನ್ನು ಕುಂಚದಿಂದ ಕೊಡವದೆ ಗಾರೆ ಹಚ್ಚಿದರೆ ಗಾರೆ ಹಾಳೆಹಾಳೆಯಾಗಿ ಕಳಚುತ್ತದೆ. ಬ್ಲಾಕು ಕೆಟ್ಟದ್ದೆಂದು ಬೈಯುವವರು ಹೆಚ್ಚಿನ ಸಲ ಬೈಯಬೇಕಾದ್ದು ಅವಸರವನ್ನು. ಸಾಲಿಡ್ ಬ್ಲಾಕಿಗೂ ಅದೇ ಮಾತು. 14 ದಿನ ನೀರುಣಿಸಿ, ನಾಲ್ಕು ವಾರ ಒಣಗಿಸಿದ ಮೇಲೆ ಕಟ್ಟಬೇಕಾದ ಬ್ಲಾಕು ಮೊನ್ನೆ ಅಚ್ಚಿನಿಂದ ಇಳಿದು ಇಂದು ಲಾರಿ ಹತ್ತಿರುತ್ತದೆ. ಕುಗ್ಗುವುದೆಲ್ಲ ಗೋಡೆಯಾದ ಮೇಲೆ ಕುಗ್ಗುತ್ತದೆ.

ಅಕ್ಕನ ಮಗಳ ಮುಂದೆ ನಾನು ಆಸೆಯಿಂದ ಇಟ್ಟದ್ದು ಮಣ್ಣಿನ ಬ್ಲಾಕು. 1974ರಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಈ ಬ್ಲಾಕಿನ ಮೇಲೆ ದಶಕಗಟ್ಟಲೆ ದುಡಿದರು. ಮರಳಿನಂಶ ಸಾಕಷ್ಟಿರುವ ಕೆಂಪುಮಣ್ಣಿಗೆ ಶೇಕಡ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ, ನೀರುಣಿಸಿ ಗಟ್ಟಿ ಮಾಡುವ ವಿಧಾನ ಅದು. ಗೂಡು ಬೇಡ, ಸೌದೆ ಬೇಡ. ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ತಮ್ಮ ಸ್ವಂತ ಮನೆಯನ್ನು ಇದರಿಂದಲೇ ಕಟ್ಟಿಕೊಂಡರು. ಅಲ್ಲಿಂದಾಚೆಗೆ ಅವರು ಕಟ್ಟಿದ ಮಣ್ಣಿನ ಮನೆಗಳು ಬಹಳ. ನಿವೇಶನದಲ್ಲೇ ಅಗೆದ ಮಣ್ಣು ಅದೇ ಮನೆಯ ಗೋಡೆಯಾಗುವುದನ್ನು ನೋಡುವುದೇ ಒಂದು ಸಂತೋಷ. ಹೊರಗೆ ಗಿಲಾವೂ ಬೇಡ. ಒಳ್ಳೆಯ ಸಜ್ಜಾ, ಒಳ್ಳೆಯ ಕಲ್ಲಿನ ಪಾಯ ಇದ್ದರೆ ಸಾಕು. ಕಪ್ಪು ಎರೆಮಣ್ಣಿಗೆ ಇದು ಸುಲಭವಾಗಿ ಒಗ್ಗದು, ಆ ಸೀಮೆಯವರು ಸುಣ್ಣ ಬೆರೆಸಿ, ಮರಳು ಸೇರಿಸಿ ಪಳಗಿಸಬೇಕಾಗುತ್ತದೆ. ತುಮಕೂರಿನ ಮಣ್ಣಿಗೆ ಆ ತೊಂದರೆಯಿರಲಿಲ್ಲ. ಆದರೆ ನಿವೇಶನ ಚಿಕ್ಕದು, ಯಂತ್ರ ಹೂಡಿ ಬ್ಲಾಕ್ ಒಣಗಿಸಲು ಜಾಗವಿರಲಿಲ್ಲ, ಮೇಸ್ತ್ರಿಗೂ ಆ ಕೆಲಸ ಕೈಗೆ ಬಂದಿರಲಿಲ್ಲ. ಕಟ್ಟುವವನಿಗೆ ಬಾರದ ವಸ್ತುವನ್ನು ಅವನ ಮೇಲೆ ಹೇರಬಾರದು. ನಾನು ಅಲ್ಲಿಗೆ ಸುಮ್ಮನಾದೆ.

ಆ ಮೇಸ್ತ್ರಿ ಸಾಮಾನ್ಯನಾಗಿರಲಿಲ್ಲ. ಗಿಲಾವಿನ ಮಾತು ಬಂದಾಗ ಹೊರಗೋಡೆಗೆ ಸಿಮೆಂಟ್ ಸ್ವಲ್ಪ ಮುಂದಾಗಿಯೇ ಇರಲಿ ಎಂದು ಅಕ್ಕನ ಮಗಳು ಹೇಳಿದ್ದಕ್ಕೆ ಅವನು ಕರಣೆಯನ್ನು ಬಾಣಲಿಯ ಅಂಚಿಗೆ ಒರಗಿಸಿ, “ಹಂಗೆ ಹೇಳ್ಬೇಡಿ ಮೇಡಂ. ಸಿಮೆಂಟ್ ಜಾಸ್ತಿ ಆದಷ್ಟೂ ಬಿರಿಯೋದು ಜಾಸ್ತಿ. ಒಳಗಿನ ಬ್ಲಾಕಿಗಿಂತ ಮೇಲಿನ ಗಾರೆ ಗಟ್ಟಿ ಇರಬಾರ್ದು. ಗಟ್ಟಿಯಾದ್ದು ಎಳೆಯುತ್ತೆ, ಮೆತ್ತಗಿರೋದು ಕಿತ್ಕಂಡು ಬರುತ್ತೆ” ಎಂದ. ಎಂಜಿನಿಯರಿಂಗ್ ಪುಸ್ತಕಗಳ ಒಂದು ಅಧ್ಯಾಯವನ್ನು ಇಷ್ಟು ಚೊಕ್ಕವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಹಳೆಯ ಸುಣ್ಣದ ಗಾರೆ ಬಾಳಿದ ಗುಟ್ಟೂ ಇದೇ. ಸುಣ್ಣ, ಮರಳನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಹದ ಮಾಡುತ್ತಿದ್ದರು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ, ವರ್ಷಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಗೋಡೆ ಕೊಂಚ ಅಲುಗಿದರೆ ತಾನೂ ಬಾಗುತ್ತದೆ. ಸಣ್ಣ ಬಿರುಕಿಗೆ ನೀರು ಬಿದ್ದರೆ ಕರಗಿದ ಸುಣ್ಣವೇ ಅಲ್ಲಿ ಕೂತು ಮುಚ್ಚಿಕೊಳ್ಳುತ್ತದೆ. ಆವಿಗೆ ದಾರಿ ಬಿಡುತ್ತದೆ. ಇಂದು ಗಾಣ ಹೂಡುವವರು ಯಾರು ಎಂದು ಕೇಳಬಹುದು. ಪೂರ್ತಿ ಸುಣ್ಣಕ್ಕೆ ಹೋಗಲಾರದವರಿಗೆ ನಡುದಾರಿ ಇದೆ: ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಜರಡಿ ಹಿಡಿದ ಮರಳು. ಮೊದಲ ಪದರಕ್ಕೆ ಗೀರು ಹಾಕಿ, ಅದು ಹಿಡಿದುಕೊಂಡ ಮೇಲೆ ತೆಳುವಾದ ಎರಡನೇ ಪದರ. ಒಟ್ಟು 20 ಮಿಲಿಮೀಟರ್ ಸಾಕು. ಬಿರುಬಿಸಿಲಿನ ಗೋಡೆಗೆ ಹಗಲಲ್ಲಿ ಗಾರೆ ಹಚ್ಚದೆ, ನೆರಳು ಬಂದ ಮೇಲೆ ಹಚ್ಚಿ, ಕನಿಷ್ಠ ಒಂದು ವಾರ ತೇವ ಆರದಂತೆ ನೋಡಿಕೊಂಡರೆ ಅಂಥ ಗಿಲಾವು ಮಕ್ಕಳ ಕಾಲಕ್ಕೂ ಬರುತ್ತದೆ.

ಇನ್ನೊಂದು ಸಣ್ಣ ಸಂಗತಿ. ಸಜ್ಜಾದ ತಳದಲ್ಲಿ, ಹೊರ ಅಂಚಿನ ಹತ್ತಿರ, ಬೆರಳು ಹಿಡಿಸುವಷ್ಟು ಒಂದು ಗೀರು ಇರಬೇಕು. ಮಳೆನೀರು ಅಲ್ಲಿಗೆ ಬಂದು ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ; ಗೀರಿಲ್ಲದಿದ್ದರೆ ತಳಕ್ಕೆ ಅಂಟಿಕೊಂಡು ಹರಿದು ಗೋಡೆಗೆ ಇಳಿಯುತ್ತದೆ. ಖರ್ಚಿಲ್ಲದ ಕೆಲಸ. ಗಾರೆ ಹಸಿಯಿರುವಾಗ ಒಂದು ಕಡ್ಡಿ ಒತ್ತಿ ತೆಗೆದರೆ ಆಯಿತು. ನಮ್ಮ ಊರುಗಳಲ್ಲಿ ಕಿಟಕಿಯ ಮೇಲೆ ಕಪ್ಪು ಗಡ್ಡದಂಥ ಕಲೆ ಇಳಿದ ಮನೆಗಳಲ್ಲಿ ಬಹುಪಾಲು ಈ ಗೀರನ್ನು ಮರೆತವು.

ನಿರೋಧಕ ಹಲಗೆಗಳ ಬಗ್ಗೆಯೂ ಅಕ್ಕನ ಮಗಳು ಕೇಳಿದಳು. ಅವಳ ಗಂಡ ಜರ್ಮನಿಯಲ್ಲಿ ಕೆಲಸದ ಮೇಲಿದ್ದಾಗ ಅಲ್ಲಿಯ ಹಳೆಯ ಮನೆಗಳಿಗೆ ಹೊರಗಿನಿಂದ ದಪ್ಪ ಥರ್ಮಾಕೋಲ್ ಅಂಟಿಸಿ ಗಾರೆ ಬಳಿಯುವುದನ್ನು ನೋಡಿದ್ದರಂತೆ. ಮೈಕೊರೆಯುವ ಚಳಿಯಲ್ಲಿ ಒಳಗಿನ ಬಿಸಿ ಸೋರದಂತೆ ಕಾಯಬೇಕಾದ ಆ ನಾಡಿಗೆ ಅದು ಸರಿಯೇ. ನಮ್ಮಲ್ಲೂ ಕಲಬುರಗಿ, ರಾಯಚೂರಿನಂಥ ಊರಿನ ಪಡುವಣ ಗೋಡೆಗೆ ಒಂದಿಂಚಿನ ಹಲಗೆ ಸಾರ್ಥಕವಾದೀತು; ಆರಿಂಚಿನ ಸಾಲಿಡ್ ಬ್ಲಾಕಿನ 3 ಅದರಿಂದ 1ಕ್ಕೆ ಇಳಿಯುತ್ತದೆ. ಹಾಕುವುದಾದರೆ ಹೊರಗಡೆ ಹಾಕಬೇಕು, ಆಗ ಗೋಡೆಯ ಭಾರವೆಲ್ಲ ತಂಪಿನ ಪಕ್ಕಕ್ಕೆ ಉಳಿಯುತ್ತದೆ. ಆದರೆ ಥರ್ಮಾಕೋಲ್ ಬೆಂಕಿಗೆ ಕರಗುತ್ತದೆ, ಗೆದ್ದಲು ಅದರಲ್ಲಿ ಸುರಂಗ ಕೊರೆಯುತ್ತದೆ. 2017ರ ಜೂನಿನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತದ್ದು ಗೋಡೆಯ ಹೊರಹೊದಿಕೆಯ ಹತ್ತಿ ಉರಿಯುವ ವಸ್ತುಗಳಿಂದ ಎಂಬುದನ್ನು ಬಹುಮಹಡಿ ಕಟ್ಟುವವರು ಮರೆಯಬಾರದು. ಉರಿಯದ ಕಲ್ಲುಣ್ಣೆಯ ಹಲಗೆ ಸಿಗುತ್ತದೆ, ಬೆಲೆ ಹೆಚ್ಚು. ಕರಾವಳಿಯವರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ ತೇವ ಹೊರಗಿನಿಂದ ಒಳಕ್ಕೆ ತಳ್ಳುತ್ತದೆ. ಏಸಿ ಕೋಣೆಯ ಒಳಗೋಡೆಗೆ ಪ್ಲಾಸ್ಟಿಕ್ ಹಾಳೆಯಂಥ ವಾಲ್‌ಪೇಪರ್ ಅಂಟಿಸಿದರೆ ಅದರ ಹಿಂದೆ ತೇವ ಕಟ್ಟಿ ಬೂಸ್ಟು ಬೆಳೆಯುತ್ತದೆ.

2018ರಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿ ತಂದು, ಚಳಿಸೀಮೆ ಬಿಟ್ಟು ಉಳಿದೆಡೆ ಗೋಡೆ-ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರದಿರಲಿ ಎಂದಿತು. 500 ಚದರ ಮೀಟರಿಗಿಂತ ಚಿಕ್ಕ ನಿವೇಶನಗಳನ್ನು ಅದು ಗಣಿಸಿಲ್ಲ. ಮೂವತ್ತು-ನಲವತ್ತೆಂದರೆ 111 ಚದರ ಮೀಟರ್. ನಮ್ಮಂಥವರ ಮನೆಗಳೆಲ್ಲ ನಿಯಮದ ಹೊರಗೆ. ಹೊರಗಿದ್ದರೂ ಬಿಸಿಲು ನಮ್ಮನ್ನು ಬಿಡುವುದಿಲ್ಲ.

ಕೊನೆಗೆ ತುಮಕೂರಿನ ಮನೆಗೆ ಅಕ್ಕನ ಮಗಳೇ ತೀರ್ಮಾನ ಮಾಡಿದಳು. ಮೂಡಣ, ತೆಂಕಣ, ಬಡಗಣಕ್ಕೆ ಆರಿಂಚಿನ ಸಾಲಿಡ್ ಬ್ಲಾಕು. ಪಡುವಣಕ್ಕೆ ಎಂಟಿಂಚಿನ ಹಗುರ ಬ್ಲಾಕು; ಕಂಬ-ತೊಲೆಯ ಮನೆಯಾದ್ದರಿಂದ ಎರಡು ಬಗೆಯ ಬ್ಲಾಕು ಕಂಬಗಳ ನಡುವೆ ಬೇರೆಬೇರೆಯಾಗಿ ನಿಲ್ಲುತ್ತವೆ, ಸೇರುವೆಡೆ ಜಾಲರಿ. ಹೊರಗೆಲ್ಲ ಸುಣ್ಣ ಬೆರೆತ ಗಿಲಾವು, ತಿಳಿ ಬಣ್ಣ. ಇದಕ್ಕಿಂತ ದೊಡ್ಡ ಬದಲಾವಣೆ ನಕ್ಷೆಯಲ್ಲಾಯಿತು. ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಪಡುವಣಕ್ಕೆ ಸರಿದವು. ಮಲಗುವ ಕೋಣೆ ಮೂಡಣಕ್ಕೆ ಬಂತು. ಯಾವ ಬ್ಲಾಕೂ ಮಾಡಲಾಗದ ಕೆಲಸವನ್ನು ಪೆನ್ಸಿಲ್ ಮಾಡಿತು. ಬಯಲಿನ ಕಡೆ ಎರಡು ಹೊಂಗೆ ಸಸಿ ನೆಟ್ಟಿದ್ದಾರೆ.

ಮನೆ ಕಟ್ಟಿಸಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ಗುತ್ತಿಗೆದಾರರ ಕರಾರುಪತ್ರದಲ್ಲಿ ಟೈಲ್ಸಿನ ಕಂಪನಿ, ನಲ್ಲಿಯ ಕಂಪನಿ, ಸ್ವಿಚ್ಚಿನ ಕಂಪನಿ ಎಲ್ಲ ಬರೆದಿರುತ್ತದೆ. ಗೋಡೆಗೆ ಮಾತ್ರ ಒಂದೇ ಸಾಲು. ಅಲ್ಲಿ ಇನ್ನು ನಾಲ್ಕು ಸಾಲು ಬರೆಸಿ: ಯಾವ ದಿಕ್ಕಿಗೆ ಯಾವ ಬ್ಲಾಕು ಮತ್ತು ಎಷ್ಟು ದಪ್ಪ, ಬ್ಲಾಕು ಎಷ್ಟು ದಿನ ಒಣಗಿರಬೇಕು, ಗಿಲಾವಿನಲ್ಲಿ ಸಿಮೆಂಟು-ಸುಣ್ಣ-ಮರಳಿನ ಪಾಲು, ಎಷ್ಟು ದಿನ ನೀರುಣಿಸಬೇಕು. ಸಹಿ ಹಾಕುವ ಮೊದಲು ಒಂದು ಸಂಜೆ ನಾಲ್ಕು ಗಂಟೆಗೆ ನಿವೇಶನಕ್ಕೆ ಹೋಗಿ, ಪಡುವಣಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು ಬನ್ನಿ.